ಗಾಳಿ ಬಿಡಿಸುವ ಕ್ರಮ: ಮೋಟಾರು ಕಾರಿನ ತಂಪು ವ್ಯವಸ್ಥೆಯನ್ನು ಕುರಿತು

೧

ಕನ್ನಡದ ಶಾಸ್ತ್ರಸಾಹಿತ್ಯ ಕಾವ್ಯದ ಜೊತೆಜೊತೆಗೇ ಬೆಳೆದು ಬಂದುದು. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವು ನೆಲದೊಳಗಿನ ನೀರಿನ ಸೆಲೆಯನ್ನು ಗುರುತಿಸುವುದರಿಂದ ಹಿಡಿದು ಅಡುಗೆ, ಸುಗಂಧದ್ರವ್ಯ, ವೈದ್ಯಗಳವರೆಗೆ ಗೃಹಸ್ಥನಿಗೆ ಬೇಕಾದ ತಿಳಿವಳಿಕೆಯನ್ನು ಒಂದೆಡೆ ತಂದ ಕೃತಿ. ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನ ‘ಗೋವೈದ್ಯ’ದ ವಸ್ತು ಅದರ ಹೆಸರಿನಿಂದಲೇ ಸ್ಪಷ್ಟವಾಗಿದೆ. ಓದಿದವನು ಮಾಡಬಲ್ಲವನಾಗಬೇಕು ಎಂಬುದು ಇಂತಹ ಬರಹದ ಮೂಲ ಅಪೇಕ್ಷೆ. ಕಾವ್ಯದಲ್ಲಿ ಮಾತಿನ ಅಸ್ಪಷ್ಟತೆ ಒಮ್ಮೊಮ್ಮೆ ಧ್ವನಿಗೆ ದಾರಿಯಾದೀತು. ಶಾಸ್ತ್ರದಲ್ಲಿ ಅದು ಅಪಾಯಕ್ಕೆ ದಾರಿಯಾಗುತ್ತದೆ.

ಕನ್ನಡ ವಿಭಾಗದ ಸಂಸ್ಮರಣ ಸಂಪುಟದಲ್ಲಿ ಮೋಟಾರು ಕಾರಿನ ನೀರಿನ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕುವ ಬಗೆಗೆ ಲೇಖನವೆಂದರೆ ಕೆಲವರಿಗೆ ಸೋಜಿಗವೆನಿಸಬಹುದು. ಈ ವಿಷಯವನ್ನು ನಾನಾಗಿ ಆರಿಸಿಕೊಂಡುದಲ್ಲ. ಅದು ಬೋರ್ ಘಾಟಿನ ಏರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿತು.

ನವಿ ಮುಂಬಯಿಯ ಬೇಲಾಪುರದಲ್ಲಿ ವಾಸವಾಗಿರುವ ನನಗೆ ಪುಣೆಯಲ್ಲಿ ಒಂದು ಮೌಖಿಕ ಪರೀಕ್ಷೆಯ ಕೆಲಸವಿತ್ತು. ಹೊರಡುವುದಕ್ಕೆ ಎರಡು ದಿನ ಮೊದಲು ಕಾರಿನ ರೇಡಿಯೇಟರಿನ ಹೋಸ್ ಪೈಪೊಂದನ್ನು ಬದಲಾಯಿಸಿ, ಹಳೆಯ ಕೂಲಂಟನ್ನು ಚೆಲ್ಲಿ, ಹೊಸದನ್ನು ತುಂಬಿಸಿದ್ದೆ. ಗ್ಯಾರೇಜಿನವರು ಬಾಯಿಯ ಅಂಚಿನವರೆಗೆ ಬಂದಿದ್ದ ದ್ರವವನ್ನು ತೋರಿಸಿ ‘ಫುಲ್’ ಎಂದರು, ನಾನೂ ಒಪ್ಪಿದೆ. ಕಳಂಬೋಲಿ, ಪನವೇಲ್ ದಾಟಿ ಖೋಪೋಲಿಯವರೆಗಿನ ಸಮತಟ್ಟಾದ ದಾರಿಯಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಅಲ್ಲಿಂದ ಹಳೆಯ ಹೆದ್ದಾರಿಯಲ್ಲಿ ಘಾಟಿಯನ್ನು ಏರತೊಡಗಿದ ಮೇಲೆ ಉಷ್ಣತೆಯ ಮುಳ್ಳು ಮೇಲೇರುವ ಬದಲು ಕೆಳಗಿಳಿಯಿತು. ಕಾರು ತಂಪಾಗಿಯೇ ಇದೆ ಎಂದು ಸಮಾಧಾನಪಟ್ಟೆ. ಎರಡು ತಿರುವು ಕಳೆಯುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು.

ರಸ್ತೆಯ ಅಂಚಿಗೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಒರೆಸುವ ಬಟ್ಟೆಯನ್ನು ಮಡಿಸಿ ಹಿಡಿದು ರೇಡಿಯೇಟರಿನ ಮುಚ್ಚಳಕ್ಕೆ ಕೈಯಿಟ್ಟೆ. ನೀರು ಕಡಿಮೆಯಾಗಿದ್ದರೆ ಸುರಿದು ಮುಂದೆ ಹೋಗೋಣ ಎಂಬುದಷ್ಟೇ ನನ್ನ ಎಣಿಕೆ. ಸ್ವಲ್ಪ ದೂರದಲ್ಲಿ ಲಾರಿ ನಿಲ್ಲಿಸಿಕೊಂಡಿದ್ದ ಚಾಲಕರೊಬ್ಬರು, ಕಾರಿನ ಹಿಂದಿನ ಗಾಜಿನ ಮೇಲಿದ್ದ ಕನ್ನಡ ಅಕ್ಷರಗಳನ್ನು ನೋಡಿದ್ದರೇನೋ, ‘ಸರ, ಮುಚ್ಚಳಾ ಮುಟ್ಟಬ್ಯಾಡ್ರೀ! ಮಾರಿಗಿ ಹಾರತೈತಿ!’ ಎಂದು ಕೂಗಿದರು. ವಿಜಯಪುರದ ಕಡೆಯ ಆ ಮಾತು ಕಿವಿಗೆ ಬಿದ್ದ ಕ್ಷಣವೇ ಕೈ ತಾನಾಗಿ ಹಿಂದೆ ಬಂದಿತು. ಬೇರೊಂದು ಭಾಷೆಯಲ್ಲಿ ಕೂಗಿದ್ದರೆ ಅರ್ಥವಾಗುತ್ತಿರಲಿಲ್ಲವೆಂದಲ್ಲ; ಅರ್ಥವಾಗುವ ಮೊದಲೇ ಕೈ ಹಿಂದೆ ಬರುತ್ತಿರಲಿಲ್ಲ.

ಅವರು ನನ್ನನ್ನು ಒಂದು ತಾಸಿಗೂ ಹೆಚ್ಚು ಹೊತ್ತು ಕಾಯಿಸಿದರು. ಇಂಜಿನ್ ತಣಿದ ಮೇಲೆ ತಾವೇ ಮುಚ್ಚಳ ತೆಗೆದು ನಿಧಾನವಾಗಿ ನೀರು ಹೊಯ್ದರು. ಎರಡು ದಿನದ ಹಿಂದೆ ಅಂಚಿನವರೆಗೆ ‘ತುಂಬಿದ್ದ’ ಕಾರು ಎರಡು ಲೀಟರಿನಷ್ಟು ನೀರು ಕುಡಿಯಿತು. ‘ಇದಕ್ಕ ಗಾಳಿ ಹಿಡದೈತ್ರೀ ಸರ. ಗಾಳಿ ಬಿಡಸಬೇಕು’ ಎಂದರು. ಪ್ರಸ್ತುತ ಲೇಖನವು ಆ ಎರಡು ವಾಕ್ಯಗಳ ವಿವರಣೆಯಷ್ಟೇ.

೨

‘ಗಾಳಿ ಹಿಡಿ’, ‘ಗಾಳಿ ಬಿಡಿಸು’ ಎಂಬ ನುಡಿಗಟ್ಟುಗಳು ನಮ್ಮ ಹಳ್ಳಿಗಳಲ್ಲಿ ಮೊದಲು ಬಳಕೆಯಾದುದು ಯಂತ್ರಕ್ಕಲ್ಲ, ಮನುಷ್ಯನಿಗೆ. ಕಣ್ಣಿಗೆ ಕಾಣದ ಯಾವುದೋ ಒಂದು ಮೈಯೊಳಗೆ ಹೊಕ್ಕು ಅದರ ಸಹಜ ನಡೆಯನ್ನು ಕೆಡಿಸಿದೆ ಎಂಬುದು ಅದರ ಅರ್ಥ. ಪಂಪುಸೆಟ್ಟು ಹಳ್ಳಿಗೆ ಬಂದಾಗ ಅದೇ ಮಾತು ಅದಕ್ಕೂ ಅಂಟಿಕೊಂಡಿತು. ಮೋಟಾರು ತಿರುಗುತ್ತದೆ, ಸದ್ದು ಮಾಡುತ್ತದೆ, ಆದರೆ ನೀರು ಬರುವುದಿಲ್ಲ. ಆಗ ರೈತನು ‘ಪಂಪು ಗಾಳಿ ಹಿಡಿದಿದೆ’ ಎನ್ನುತ್ತಾನೆ. ಪಂಪಿನ ಮೇಲಿನ ತಿರುಪನ್ನು ಬಿಚ್ಚಿ, ಕೊಡದಿಂದ ನೀರು ಹೊಯ್ದು, ಗುಳ್ಳೆ ಬರುವುದು ನಿಂತ ಮೇಲೆ ತಿರುಪನ್ನು ಬಿಗಿದು ಮತ್ತೆ ಚಾಲೂ ಮಾಡುತ್ತಾನೆ. ಕಾರಿನ ಗಾಳಿ ಬಿಡಿಸುವ ಕ್ರಮವೂ ತತ್ತ್ವದಲ್ಲಿ ಇದಕ್ಕಿಂತ ಬೇರೆಯಲ್ಲ.

ಬೇಲಾಪುರ, ಠಾಣೆ, ಡೊಂಬಿವಲಿ, ಕಲ್ಯಾಣಗಳ ಗ್ಯಾರೇಜುಗಳಲ್ಲಿ ಇದಕ್ಕೆ ಮರಾಠಿಯಲ್ಲಿ ‘ಹವಾ ಕಾಢಣೆ’ ಎಂದೂ ಹಿಂದಿಯಲ್ಲಿ ‘ಏರ್ ನಿಕಾಲ್ನಾ’ ಎಂದೂ ಹೇಳುವುದುಂಟು. ‘ವಾಯುಬಂಧ ನಿವಾರಣೆ’ ಎಂಬಂತಹ ಸಂಸ್ಕೃತ ಪದವನ್ನು ನಾವು ಟಂಕಿಸಬಹುದು. ಆದರೆ ಅದನ್ನು ಕೇಳಿದ ಮೇಸ್ತ್ರಿಗೆ ಏನೂ ಹೊಳೆಯಲಾರದು. ಆದುದರಿಂದ ಇಲ್ಲಿ ರೇಡಿಯೇಟರ್, ಥರ್ಮೊಸ್ಟಾಟ್, ಹೀಟರ್, ಗ್ಯಾಸ್ಕೆಟ್ ಮೊದಲಾದ ಭಾಗಗಳ ಹೆಸರುಗಳನ್ನು ಬಂದಂತೆಯೇ ಇಟ್ಟುಕೊಂಡಿದ್ದೇನೆ. ಹೆಸರು ಎಲ್ಲಿಂದ ಬಂದರೂ ಬಾಧಕವಿಲ್ಲ. ಹೊಯ್ಯುವುದು, ತಣಿಯುವುದು, ಹಿಚುಕುವುದು, ಬಿಗಿಯುವುದು ಎಂಬ ಕ್ರಿಯಾಪದಗಳು ನಮ್ಮವಾಗಿದ್ದರೆ ಸಾಕು.

೩

ಗಾಳಿಯ ತೊಂದರೆಯನ್ನು ತಿಳಿಯುವ ಮೊದಲು ನೀರಿನ ಕೆಲಸವನ್ನು ತಿಳಿಯಬೇಕು. ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಹೋಗುತ್ತದೆ. ಉಳಿದುದು ಬಹುಮಟ್ಟಿಗೆ ಇಂಜಿನ್ನಿನ ಲೋಹಕ್ಕೆ ಇಳಿಯುತ್ತದೆ. ಸಿಲಿಂಡರಿನೊಳಗೆ ಉರಿಯುವ ಅನಿಲದ ಉಷ್ಣತೆ ಕ್ಷಣಕಾಲ ೨,೦೦೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ; ಅಲ್ಯೂಮಿನಿಯಂ ಕರಗುವುದು ೬೬೦ ಡಿಗ್ರಿಯಲ್ಲಿ. ಹೀಗಿದ್ದೂ ಅಲ್ಯೂಮಿನಿಯಂನಿಂದ ಮಾಡಿದ ಸಿಲಿಂಡರ್ ಹೆಡ್ ಉಳಿದುಕೊಳ್ಳುವುದು ಅದರ ಬೆನ್ನಿಗೆ ತಾಗಿ ಸದಾ ದ್ರವ ಹರಿಯುತ್ತಿರುವುದರಿಂದ.

ಈ ದ್ರವದ ದಾರಿ ಒಂದು ಸುತ್ತು. ಪಂಪು ಅದನ್ನು ಸಿಲಿಂಡರುಗಳ ಸುತ್ತಲಿನ ಪೊಳ್ಳಿಗೆ ತಳ್ಳುತ್ತದೆ. ಅಲ್ಲಿಂದ ಅದು ಹೆಡ್ಡಿನೊಳಗಿನ ಕಿರುದಾರಿಗಳಲ್ಲಿ ಹಾಯ್ದು ಶಾಖವನ್ನು ಹೊತ್ತುಕೊಂಡು ರೇಡಿಯೇಟರಿಗೆ ಹೋಗುತ್ತದೆ. ತೆಳುವಾದ ಕೊಳವೆಗಳಲ್ಲಿ ಹರಿದು, ಹೊರಗಿನ ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು, ಮತ್ತೆ ಪಂಪಿಗೆ ಮರಳುತ್ತದೆ. ಈ ಸುತ್ತಿನ ನಡುವೆ ಥರ್ಮೊಸ್ಟಾಟ್ ಎಂಬ ದ್ವಾರಪಾಲಕನಿದ್ದಾನೆ. ಅದರೊಳಗಿನ ಮೇಣ ಕಾದು ಹಿಗ್ಗಿದಾಗ, ಅಂದರೆ ಸಾಮಾನ್ಯವಾಗಿ ೮೦ರಿಂದ ೯೦ ಡಿಗ್ರಿಯ ಆಸುಪಾಸಿನಲ್ಲಿ, ರೇಡಿಯೇಟರಿನ ದಾರಿ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ದ್ರವವು ಇಂಜಿನ್ನಿನೊಳಗಿನ ಚಿಕ್ಕ ಸುತ್ತಿನಲ್ಲಿಯೇ ತಿರುಗುತ್ತಿರುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಒಂದು ಚಿಕ್ಕ ರೇಡಿಯೇಟರೇ. ಅದಕ್ಕೂ ಈ ದ್ರವದ ಒಂದು ಕವಲು ಹೋಗುತ್ತದೆ.

ಮುಚ್ಚಳದ ಕೆಲಸವನ್ನು ಪ್ರೆಶರ್ ಕುಕ್ಕರಿನ ಹೋಲಿಕೆಯಿಂದ ತಿಳಿಯಬಹುದು. ಕುಕ್ಕರಿನ ವೆಯ್ಟ್ ಹಬೆಯನ್ನು ತಡೆಹಿಡಿಯುವುದರಿಂದ ಒಳಗಿನ ನೀರು ೧೦೦ ಡಿಗ್ರಿಗೆ ಕುದಿಯದೆ ಸುಮಾರು ೧೨೦ರವರೆಗೆ ಏರುತ್ತದೆ. ರೇಡಿಯೇಟರಿನ ಮುಚ್ಚಳವೂ ಹೊರಗಿನ ಒತ್ತಡಕ್ಕಿಂತ ಸುಮಾರು ಒಂದು ಬಾರ್‌ನಷ್ಟು ಹೆಚ್ಚಿನ ಒತ್ತಡವನ್ನು ಒಳಗೆ ಕಾಪಾಡುತ್ತದೆ. ಹಾಗಾಗಿ ನೂರು ಡಿಗ್ರಿ ದಾಟಿದರೂ ದ್ರವ ದ್ರವವಾಗಿಯೇ ಉಳಿಯುತ್ತದೆ. ಮುಚ್ಚಳವನ್ನು ಹಠಾತ್ತಾಗಿ ತೆರೆದರೆ ಒತ್ತಡ ಇಳಿದು, ಅದರ ಒಂದು ಪಾಲು ಆ ಕ್ಷಣದಲ್ಲಿಯೇ ಹಬೆಯಾಗಿ, ಉಳಿದ ಕುದಿನೀರನ್ನು ಹೊತ್ತುಕೊಂಡು ಮೇಲಕ್ಕೆ ಚಿಮ್ಮುತ್ತದೆ. ಲಾರಿ ಚಾಲಕರು ‘ಮಾರಿಗಿ ಹಾರತೈತಿ’ ಎಂದುದು ಇದನ್ನೇ. ಸೀಟಿ ಹೊಡೆಯುತ್ತಿರುವ ಕುಕ್ಕರಿನ ಮುಚ್ಚಳವನ್ನು ಯಾವ ಗೃಹಿಣಿಯೂ ತೆಗೆಯುವುದಿಲ್ಲ; ಪಂಡಿತನೆನಿಸಿಕೊಂಡ ನಾನು ತೆಗೆಯಹೊರಟಿದ್ದೆ.

ಘಾಟಿಯ ಮೇಲೆ ಕಾರು ಕುದಿಯುವುದಕ್ಕೆ ಎತ್ತರವೇ ಕಾರಣವೆಂಬ ನಂಬಿಕೆ ಸಾಕಷ್ಟು ಪ್ರಚಲಿತವಾಗಿದೆ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಉಷ್ಣತೆಯಲ್ಲಿ ಕುದಿಯುವುದು ನಿಜ. ಆದರೆ ಪ್ರತಿ ೩೦೦ ಮೀಟರಿಗೆ ಇಳಿಯುವುದು ಸುಮಾರು ಒಂದು ಡಿಗ್ರಿ ಮಾತ್ರ. ಆರುನೂರು ಮೀಟರಿಗಿಂತ ಸ್ವಲ್ಪ ಮೇಲಿರುವ ಲೋಣಾವಳಾದಲ್ಲಿ ವ್ಯತ್ಯಾಸ ಎರಡು ಡಿಗ್ರಿ. ನಿಜವಾದ ಕಾರಣ ಏರಿನ ಹೊರೆ: ಇಂಜಿನ್ ಹೆಚ್ಚು ದುಡಿದು ಹೆಚ್ಚು ಶಾಖ ಹುಟ್ಟಿಸುತ್ತದೆ, ವೇಗ ಕಡಿಮೆಯಿರುವುದರಿಂದ ರೇಡಿಯೇಟರಿಗೆ ತಾಗುವ ಗಾಳಿ ಕಡಿಮೆಯಾಗುತ್ತದೆ. ಬೋರ್ ಘಾಟಾಗಲಿ, ನಮ್ಮ ಆಗುಂಬೆ, ಶಿರಾಡಿ, ಚಾರ್ಮಾಡಿಗಳಾಗಲಿ ತಂಪು ವ್ಯವಸ್ಥೆಯಲ್ಲಿ ಹೊಸ ದೋಷವನ್ನು ಹುಟ್ಟಿಸುವುದಿಲ್ಲ. ಸಮತಟ್ಟಿನಲ್ಲಿ ಅಡಗಿದ್ದ ದೋಷವನ್ನು ಬಯಲಿಗೆ ತರುತ್ತವೆ.

೪

ಗಾಳಿ ಒಳಗೆ ಬರುವುದಾದರೂ ಹೇಗೆ? ಮೂರು ಬಗೆಗಳನ್ನು ಇಲ್ಲಿ ಗುರುತಿಸಬಹುದು.

ಮೊದಲನೆಯದು, ನಾವೇ ಬಿಟ್ಟುಕೊಳ್ಳುವ ಗಾಳಿ. ಕೂಲಂಟನ್ನು ಚೆಲ್ಲಿದಾಗ ಇಡೀ ವ್ಯವಸ್ಥೆ ಗಾಳಿಯಿಂದ ತುಂಬಿಕೊಳ್ಳುತ್ತದೆ. ಖಾಲಿ ಎಂದು ನಾವು ಕರೆಯುವ ಕೊಡ ಖಾಲಿಯಲ್ಲ, ಅದು ಗಾಳಿ ತುಂಬಿದ ಕೊಡ. ಕೊಡವನ್ನು ಬೋರಲಾಗಿ ಕೆರೆಯಲ್ಲಿ ಒತ್ತಿದರೆ ನೀರು ಒಳಗೆ ಬರುವುದಿಲ್ಲ; ಓರೆ ಮಾಡಿದರೆ ಗುಳುಗುಳು ಸದ್ದಿನೊಡನೆ ಗಾಳಿ ಹೊರಬರುತ್ತದೆ, ಅದು ಬಿಟ್ಟುಕೊಟ್ಟ ಜಾಗಕ್ಕೆ ನೀರು ಹೋಗುತ್ತದೆ. ಕಾರಿನ ನೀರಿನ ದಾರಿ ಕೊಡದ ಹಾಗೆ ಒಂದೇ ಹೊಟ್ಟೆಯುಳ್ಳದ್ದಲ್ಲ. ಏರುವ, ಇಳಿಯುವ, ಸುತ್ತಿಬರುವ ಕೊಳವೆಗಳ ಜಾಲ ಅದು. ಮೇಲಿನಿಂದ ಹೊಯ್ದ ದ್ರವ ಒಂದು ತಗ್ಗನ್ನು ತುಂಬಿ ನಿಂತರೆ ಅದರಾಚೆಯ ಏರಿನಲ್ಲಿದ್ದ ಗಾಳಿ ಅಲ್ಲಿಯೇ ಬಂದಿಯಾಗುತ್ತದೆ. ಬಾಯಿಯ ಬಳಿ ಮಟ್ಟ ಅಂಚಿಗೆ ಬಂದಿರುತ್ತದೆ. ಒಳಗೆ ಒಂದೆರಡು ಲೀಟರಿನಷ್ಟು ಜಾಗದಲ್ಲಿ ಗಾಳಿ ಕುಳಿತಿರುತ್ತದೆ. ನನ್ನ ಕಾರಿನಲ್ಲಿ ಆದುದು ಇದೇ.

ಎರಡನೆಯದು, ಕಾರೇ ಹೀರಿಕೊಳ್ಳುವ ಗಾಳಿ. ಕಾದಾಗ ಹಿಗ್ಗಿದ ದ್ರವ ಮುಚ್ಚಳದ ಮೂಲಕ ಪಕ್ಕದ ಬಾಟಲಿಗೆ ಹೋಗಿ, ತಣಿದಾಗ ಮರಳಿ ಬರಬೇಕೆಂಬುದು ಅನೇಕ ಕಾರುಗಳ ಏರ್ಪಾಡು. ಬಾಟಲಿ ಬರಿದಾಗಿದ್ದರೆ, ಅಥವಾ ಅದಕ್ಕೆ ಹೋಗುವ ಸಣ್ಣ ಕೊಳವೆ ಬಿರಿದಿದ್ದರೆ, ಮರಳಿ ಬರುವುದು ದ್ರವವಲ್ಲ, ಗಾಳಿ. ಸಡಿಲಗೊಂಡ ಕ್ಲಿಪ್ಪು, ಸವೆದ ಮುಚ್ಚಳದ ರಬ್ಬರು ಇವು ಕೂಡ ಇಂತಹ ದಾರಿಗಳೇ.

ಮೂರನೆಯದು, ಇಂಜಿನ್ನೇ ಊದುವ ಅನಿಲ. ಹೆಡ್ಡಿಗೂ ಸಿಲಿಂಡರುಗಳಿಗೂ ನಡುವಿನ ಗ್ಯಾಸ್ಕೆಟ್ ಬಿಟ್ಟುಕೊಂಡರೆ ಉರಿಯ ಅನಿಲ ನೇರವಾಗಿ ನೀರಿನ ದಾರಿಗೆ ನುಗ್ಗುತ್ತದೆ. ಇದು ನಿಜಾರ್ಥದಲ್ಲಿ ಗಾಳಿಯ ರೋಗವಲ್ಲ, ಬೇರೊಂದು ರೋಗದ ಲಕ್ಷಣ. ಇದನ್ನು ಮುಂದೆ ನೋಡೋಣ.

ಒಳಗೆ ಬಂದ ಗಾಳಿ ನೆಲೆಸುವುದು ಅತ್ಯಂತ ಎತ್ತರದ ಜಾಗದಲ್ಲಿ. ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್‌ಗಳ ಕಾಲದ ಕಾರುಗಳಲ್ಲಿ ರೇಡಿಯೇಟರಿನ ಮೇಲಿನ ತೊಟ್ಟಿ ಸಾಮಾನ್ಯವಾಗಿ ಎತ್ತರದಲ್ಲಿದ್ದು, ಮುಚ್ಚಳ ತೆರೆದಾಗ ಗಾಳಿ ಬಹುಮಟ್ಟಿಗೆ ತಾನಾಗಿಯೇ ಹೊರಬರುತ್ತಿತ್ತು. ಕುರ್ಲಾದಲ್ಲಿ ತಯಾರಾಗಿ ದಶಕಗಳ ಕಾಲ ಮುಂಬಯಿಯ ಟ್ಯಾಕ್ಸಿಯೆಂದೇ ಹೆಸರಾಗಿದ್ದ ಪದ್ಮಿನಿ ೨೦೨೩ರ ಅಕ್ಟೋಬರ್ ಕೊನೆಯಲ್ಲಿ ಟ್ಯಾಕ್ಸಿಯಾಗಿ ನಗರದ ರಸ್ತೆಗಳಿಂದ ನಿರ್ಗಮಿಸಿತು. ಅನಂತರದ ಕಾರುಗಳ ಮೂತಿ ತಗ್ಗಿತು. ಅದರೊಡನೆ ರೇಡಿಯೇಟರೂ ತಗ್ಗಿತು. ಈಗ ಎತ್ತರದ ಜಾಗವೆಂದರೆ ಅನೇಕ ಕಾರುಗಳಲ್ಲಿ ಥರ್ಮೊಸ್ಟಾಟಿನ ಗೂಡು ಅಥವಾ ಹೀಟರಿನ ಕೊಳವೆಗಳು. ಅಲ್ಲಿ ಮುಚ್ಚಳವಿಲ್ಲ, ಕೆಲವು ಕಾರುಗಳಲ್ಲಿ ಗಾಳಿ ಬಿಡುವುದಕ್ಕೆಂದೇ ಒಂದು ಸಣ್ಣ ಬ್ಲೀಡ್ ಸ್ಕ್ರೂ ಇರುತ್ತದೆ. ಇನ್ನು ಕೆಲವದರಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿ ಪ್ರತ್ಯೇಕ ತೊಟ್ಟಿಯನ್ನು ಕೂಡಿಸಿ, ಗಾಳಿ ತಾನಾಗಿ ಅಲ್ಲಿಗೆ ಬಂದು ಸೇರುವಂತೆ ಮಾಡಿರುತ್ತಾರೆ.

ಇಲ್ಲಿ ನಮ್ಮ ಊರಿನ ಹವೆಯೂ ಒಂದು ಪಾತ್ರ ವಹಿಸುತ್ತದೆ. ಖಾರಿಯ ದಂಡೆಯಲ್ಲಿರುವ ಬೇಲಾಪುರದಲ್ಲಿ ವರ್ಷದ ಯಾವ ತಿಂಗಳಲ್ಲಿಯೂ ಕಾರಿನ ಹೀಟರ್ ಹಾಕಬೇಕೆನಿಸುವುದಿಲ್ಲ. ಅದರ ಗುಂಡಿ ನೀಲಿ ಬಣ್ಣದ ಕಡೆಗೇ ವರ್ಷಗಟ್ಟಲೆ ನಿಂತಿರುತ್ತದೆ. ಹೀಟರಿನ ದಾರಿಗೆ ವಾಲ್ವ್ ಇರುವ ಕಾರುಗಳಲ್ಲಿ ಇದರಿಂದ ಆ ಕವಲು ಮುಚ್ಚಿಯೇ ಇರುತ್ತದೆ. ಅಲ್ಲಿ ಕುಳಿತ ಗಾಳಿಯನ್ನು ಯಾರೂ ಕದಲಿಸುವುದಿಲ್ಲ. ಗಾಳಿ ಬಿಡಿಸುವ ಕೆಲಸದಲ್ಲಿ ಇಲ್ಲಿನವರು ಹೆಚ್ಚಾಗಿ ಮರೆಯುವ ಸಂಗತಿಯೂ ಇದೇ.

೫

ಗಾಳಿಯಿಂದ ಕೇಡೇನು ಎಂಬ ಪ್ರಶ್ನೆಗೆ ಉತ್ತರ ಗಾಳಿಯ ಗುಣದಲ್ಲಿಯೇ ಇದೆ. ನೀರಿಗೆ ಹೋಲಿಸಿದರೆ ಗಾಳಿ ಶಾಖವನ್ನು ಸುಮಾರು ಇಪ್ಪತ್ತನಾಲ್ಕು ಪಟ್ಟು ಕಡಿಮೆ ದಾಟಿಸುತ್ತದೆ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಹೀರುವ ಶಾಖವನ್ನು ಹೀರಬೇಕಾದರೆ ಸುಮಾರು ೩,೫೦೦ ಲೀಟರ್ ಗಾಳಿ ಬೇಕು. ಹೆಡ್ಡಿನ ಬೆನ್ನಿಗೆ ದ್ರವದ ಬದಲು ಗಾಳಿ ತಾಗಿಕೊಂಡರೆ ಆ ಭಾಗ ತಂಪು ಕಾಣದೆ ಕಾಯುತ್ತದೆ. ಪಂಪಿಗೂ ಇದೇ ಕಷ್ಟ. ಅದರ ರೆಕ್ಕೆ ದ್ರವವನ್ನು ಬೀಸಿ ಎಸೆಯುವಂತಹದು. ಗಾಳಿಯ ತೂಕ ತೀರ ಕಡಿಮೆಯಿರುವ ಕಾರಣ ಬೀಸಿದರೂ ಅದು ಮುಂದೆ ಹೋಗುವುದಿಲ್ಲ. ತೋಟದ ಪಂಪಿನ ಹಾಗೆಯೇ ಇದೂ ತಿರುಗುತ್ತಾ ಸುಮ್ಮನಿರುತ್ತದೆ.

ದೋಸೆಯ ಕಾವಲಿ ಹದವಾಗಿ ಕಾದಿದ್ದಾಗ ಚಿಮುಕಿಸಿದ ನೀರು ಚುರ್ರೆಂದು ಇಂಗುತ್ತದೆ. ಮಿತಿಮೀರಿ ಕಾದಿದ್ದರೆ ಅದೇ ಹನಿ ಇಂಗದೆ ಮುತ್ತಿನಂತೆ ಉರುಳಾಡುತ್ತದೆ; ಹನಿಯ ಕೆಳಗೆ ಹುಟ್ಟಿದ ಹಬೆಯ ಪದರವೇ ಅದನ್ನು ಕಾವಲಿಗೆ ತಾಗದಂತೆ ಎತ್ತಿ ಹಿಡಿದಿರುತ್ತದೆ. ಅತಿಯಾಗಿ ಕಾದ ಹೆಡ್ಡಿನ ಒಳಗೂ ಇಂಥದೇ ಸ್ಥಿತಿ ಬರಬಹುದು. ಪಕ್ಕದಲ್ಲಿ ದ್ರವ ಬಂದರೂ ಅದು ಹಬೆಯಾಗಿ ತನ್ನನ್ನೇ ಲೋಹದಿಂದ ದೂರವಿಡುತ್ತದೆ. ಗಾಳಿ ಹುಟ್ಟಿಸಿದ ಬಿಸಿ ಹಬೆಯನ್ನು ಹುಟ್ಟಿಸುತ್ತದೆ, ಹಬೆ ಇನ್ನಷ್ಟು ಬಿಸಿಯನ್ನು ಹುಟ್ಟಿಸುತ್ತದೆ.

ಇದರ ಪರಿಣಾಮ ಲೋಹದ ಮೇಲಾಗುತ್ತದೆ. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ. ಬೋಲ್ಟುಗಳಿಂದ ಬಿಗಿದ ಹೆಡ್ ಒಂದು ಕಡೆ ಅತಿಯಾಗಿ ಕಾದರೆ ಹಿಗ್ಗಲು ಜಾಗವಿಲ್ಲದೆ ಡೊಂಕಾಗುತ್ತದೆ; ಕೆಳಗಿನ ಗ್ಯಾಸ್ಕೆಟ್ ಬಾಯಿಬಿಡುತ್ತದೆ. ಒಂದೆರಡು ತಾಸಿನ ತಾಳ್ಮೆಯಿಂದ ಮುಗಿಯುತ್ತಿದ್ದ ಕೆಲಸ ಇಂಜಿನ್ ಬಿಚ್ಚುವಲ್ಲಿಗೆ ಬಂದು ಮುಟ್ಟುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ಮುಳ್ಳಿನ ಸುಳ್ಳು. ಉಷ್ಣತೆಯನ್ನು ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿರಬೇಕೆಂಬ ಲೆಕ್ಕದಲ್ಲಿ ಮಾಡಿದ ಸಾಧನ. ಅದರ ಸುತ್ತ ಗಾಳಿ ಕಟ್ಟಿಕೊಂಡರೆ ಲೋಹದ ಬಿಸಿ ಅದಕ್ಕೆ ಸರಿಯಾಗಿ ತಲುಪುವುದಿಲ್ಲ. ಇಂಜಿನ್ ಬೇಯುತ್ತಿರುವಾಗಲೇ ಮುಳ್ಳು ತಂಪನ್ನು ತೋರಿಸಬಹುದು. ಹಬೆಯ ಗುಳ್ಳೆಯೊಂದು ತಾಗಿದಾಗ ಒಮ್ಮೆಲೇ ಕೆಂಪಿಗೆ ಜಿಗಿಯಬಹುದು. ಘಾಟಿಯಲ್ಲಿ ನನಗೆ ಸಮಾಧಾನ ಕೊಟ್ಟ ಮುಳ್ಳು ಇಂತಹದು. ಏರಿನಲ್ಲಿ ಕೆಳಗಿಳಿಯುವ ಮುಳ್ಳನ್ನು ಮೇಲೇರುವ ಮುಳ್ಳಿಗಿಂತಲೂ ಹೆಚ್ಚು ಅನುಮಾನದಿಂದ ನೋಡಬೇಕು.

೬

ಗಾಳಿ ಸಿಕ್ಕಿಕೊಂಡಿದೆ ಎಂಬುದಕ್ಕೆ ಕೆಲವು ಕುರುಹುಗಳಿವೆ. ಕೂಲಂಟ್ ಬದಲಾಯಿಸಿದ ಸ್ವಲ್ಪ ಕಾಲದಲ್ಲಿಯೇ ಮುಳ್ಳು ಏರುಪೇರಾಗುವುದು; ಡ್ಯಾಶ್‌ಬೋರ್ಡಿನ ಹಿಂದೆ ನೀರು ಗುಳುಗುಳಿಸುವ ಸದ್ದು; ಇಂಜಿನ್ ಕಾದಿದ್ದರೂ ಹೀಟರಿನಿಂದ ತಣ್ಣನೆಯ ಗಾಳಿ ಬರುವುದು; ಬಾಟಲಿಯಲ್ಲಿ ಮಟ್ಟ ಇದ್ದಕ್ಕಿದ್ದಂತೆ ಇಳಿಯುವುದು. ಹೀಟರಿನ ಕುರುಹು ಇವುಗಳಲ್ಲಿ ಹೆಚ್ಚು ನಂಬಲರ್ಹವಾದುದು. ನಮ್ಮ ಊರಿನಲ್ಲಿ ಅದನ್ನು ಬೇಕೆಂದೇ ಹಾಕಿ ನೋಡಬೇಕಷ್ಟೆ.

ಬಿಡಿಸುವ ಕ್ರಮವನ್ನು ಈಗ ನೋಡಬಹುದು. ಆಯಾ ಕಾರಿನ ಕೈಪಿಡಿಯಲ್ಲಿ ಬೇರೆ ಕ್ರಮವಿದ್ದರೆ ಅದೇ ಪ್ರಮಾಣ. ವಿದ್ಯುತ್ತಿನಿಂದ ನಡೆಯುವ ನೀರಿನ ಪಂಪುಳ್ಳ ಕಾರುಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಇಂಜಿನ್ ಪೂರ್ತಿ ತಣಿದಿರಬೇಕು. ಮೇಲಿನ ಹೋಸ್ ಪೈಪನ್ನು ಮುಟ್ಟಿದಾಗ ಬಿಸಿ ತಿಳಿಯಬಾರದು, ಹಿಚುಕಿದಾಗ ಬಿಗಿತವಿರಬಾರದು. ಕಾರಿನ ಮೂತಿ ಮೇಲಾಗುವಂತೆ ಸ್ವಲ್ಪ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಬೇಕು. ಹೀಗೆ ಮಾಡುವುದರಿಂದ ತೆರೆದ ಬಾಯಿಯೇ ಎತ್ತರದ ಜಾಗವಾಗಿ ಗಾಳಿ ಅತ್ತ ಸರಿಯುತ್ತದೆ. ಬೇಲಾಪುರದಲ್ಲಿ ಪಾರ್ಸಿಕ್ ಗುಡ್ಡದ ಕಡೆಗೆ ಏರುವ ಬೀದಿಗಳಿರುವುದರಿಂದ ಇಂತಹ ಜಾಗಕ್ಕೆ ಕೊರತೆಯಿಲ್ಲ.

ಹೀಟರಿನ ಗುಂಡಿಯನ್ನು ಅತ್ಯಂತ ಬಿಸಿಯ ಕಡೆಗೆ ತಿರುಗಿಸಬೇಕು. ಮುಚ್ಚಳ ತೆಗೆದು, ಕೂಲಂಟನ್ನು ಸಣ್ಣ ಧಾರೆಯಾಗಿ ಹೊಯ್ಯಬೇಕು. ಅವಸರದಿಂದ ಸುರಿದಷ್ಟೂ ಗಾಳಿಗೆ ಹೊರಬರಲು ದಾರಿಯಿಲ್ಲದಂತಾಗುತ್ತದೆ. ನಡುನಡುವೆ ಮೇಲಿನ ಹೋಸ್ ಪೈಪನ್ನು ಹಸುವಿನ ಕೆಚ್ಚಲು ಹಿಂಡುವ ಹಾಗೆ ಹಿಚುಕಿ ಬಿಡುತ್ತಿದ್ದರೆ ಗುಳ್ಳೆಗಳು ಎದ್ದು ಬರುತ್ತವೆ. ಬ್ಲೀಡ್ ಸ್ಕ್ರೂ ಇದ್ದಲ್ಲಿ ಅದನ್ನು ಸಡಿಲಿಸಿ, ಬುಸುಗುಟ್ಟುವ ಗಾಳಿ ನಿಂತು ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿಯಬೇಕು.

ಮಟ್ಟ ಅಂಚಿಗೆ ಬಂದು ನಿಂತ ಮೇಲೆ, ಮುಚ್ಚಳ ತೆರೆದಿರುವಾಗಲೇ ಇಂಜಿನ್ ಚಾಲೂ ಮಾಡಿ ಸುಮ್ಮನೆ ತಿರುಗಲು ಬಿಡಬೇಕು. ಹತ್ತರಿಂದ ಇಪ್ಪತ್ತು ನಿಮಿಷಗಳಲ್ಲಿ ಥರ್ಮೊಸ್ಟಾಟ್ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ತಣ್ಣಗಿದ್ದ ಹೋಸ್ ಪೈಪು ಒಮ್ಮೆಲೇ ಬಿಸಿಯಾಗುವುದರಿಂದ ಇದು ತಿಳಿಯುತ್ತದೆ. ಆ ಹೊತ್ತಿಗೆ ದೊಡ್ಡ ಗುಳ್ಳೆಯೊಂದು ತೇಗಿದಂತೆ ಹೊರಬಂದು ಮಟ್ಟ ಸರ್ರನೆ ಇಳಿಯುವುದುಂಟು. ಇದೇ ನಾವು ಕಾಯುತ್ತಿದ್ದ ಗಾಳಿ. ಇಳಿದಷ್ಟನ್ನು ತುಂಬಬೇಕು. ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ಇಂಜಿನ್ ವೇಗವನ್ನು ನಿಮಿಷಕ್ಕೆ ೨,೦೦೦ ಸುತ್ತಿನ ಆಸುಪಾಸಿಗೆ ಏರಿಸಿ ಕೆಲವು ಕ್ಷಣ ಹಿಡಿದರೆ ಮೂಲೆಯಲ್ಲಿ ಅಂಟಿದ ಸಣ್ಣ ಗುಳ್ಳೆಗಳೂ ಕದಲುತ್ತವೆ. ಹೀಟರ್ಬಿಸಿಗಾಳಿ ಬೀಸತೊಡಗಿದರೆ ಆ ಕವಲಿನಲ್ಲಿಯೂ ದ್ರವ ಹರಿಯುತ್ತಿದೆಯೆಂದು ತಿಳಿಯಬಹುದು. ಗುಳ್ಳೆಗಳು ನಿಂತ ಮೇಲೆ ಮುಚ್ಚಳ ಬಿಗಿದು, ರೇಡಿಯೇಟರಿನ ಫ್ಯಾನು ಎರಡು ಬಾರಿ ತಿರುಗಿ ನಿಲ್ಲುವವರೆಗೆ ಇಂಜಿನ್ನನ್ನು ನಡೆಸಿ, ಅನಂತರ ನಿಲ್ಲಿಸಬೇಕು. ಮಟ್ಟ ಉಕ್ಕಿ ಬರತೊಡಗಿದರೆ ಮಾತ್ರ ಕಾಯದೆ ಆಗಲೇ ಇಂಜಿನ್ ನಿಲ್ಲಿಸಿ ದೂರ ಸರಿಯಬೇಕು.

ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಕಾರು ಪೂರ್ತಿ ತಣಿದ ಮೇಲೆ ಮತ್ತೆ ಮುಚ್ಚಳ ತೆಗೆದು ಮಟ್ಟ ನೋಡಬೇಕು, ಇಳಿದಿದ್ದರೆ ತುಂಬಬೇಕು, ಬಾಟಲಿಯಲ್ಲಿ ಗುರುತಿನವರೆಗೆ ದ್ರವವಿರುವಂತೆ ನೋಡಿಕೊಳ್ಳಬೇಕು. ಕಾಯುವುದು, ತಣಿಯುವುದು, ತುಂಬುವುದು ಎಂಬ ಸುತ್ತು ಎರಡು ಮೂರು ಬಾರಿ ನಡೆದು, ಮಟ್ಟ ಇಳಿಯುವುದು ನಿಂತಾಗಲೇ ತುಂಬಿತು ಎನ್ನಬೇಕು. ದೊಡ್ಡ ವರ್ಕ್‌ಶಾಪುಗಳಲ್ಲಿ ಇನ್ನೊಂದು ಉಪಾಯವಿದೆ. ಖಾಲಿ ವ್ಯವಸ್ಥೆಯ ಗಾಳಿಯನ್ನು ಯಂತ್ರದಿಂದ ಮೊದಲೇ ಎಳೆದು ತೆಗೆದು, ಆ ನಿರ್ವಾತವೇ ಕೂಲಂಟನ್ನು ಹೀರಿಕೊಳ್ಳುವಂತೆ ಮಾಡುತ್ತಾರೆ.

ಎಚ್ಚರಿಕೆಗಳು ಕೆಲವು. ವಿದ್ಯುತ್ ಫ್ಯಾನು ಇಂಜಿನ್ ನಿಂತ ಮೇಲೂ ತಾನಾಗಿ ತಿರುಗಬಹುದು. ಸೆರಗು, ಶಲ್ಯ, ಬೆರಳುಗಳನ್ನು ದೂರವಿಡಬೇಕು. ಕಾದ ಇಂಜಿನ್ನಿಗೆ ತಣ್ಣೀರು ಹೊಯ್ಯಕೂಡದು, ಲೋಹ ಬಿರಿಯುತ್ತದೆ. ನಲ್ಲಿಯ ಅಥವಾ ಬೋರಿನ ನೀರಿನ ಲವಣಗಳು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವಂತೆಯೇ ರೇಡಿಯೇಟರಿನ ಕೊಳವೆಗಳಲ್ಲಿಯೂ ಕಟ್ಟುತ್ತವೆ. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಅಂತಹ ನೀರು ಹಾಕಿದ್ದರೆ, ಊರಿಗೆ ಬಂದ ಮೇಲೆ ತೆಗೆದು ಸರಿಯಾದ ಕೂಲಂಟ್ ತುಂಬಿಸಬೇಕು. ಸಾಮಾನ್ಯ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ. ನೆಲದ ಮೇಲೆ ಚೆಲ್ಲಿದುದನ್ನು ಬೀದಿನಾಯಿ ನೆಕ್ಕಬಹುದು, ಮಗು ಬೆರಳದ್ದಬಹುದು. ಅದನ್ನು ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಒಪ್ಪಿಸಬೇಕೇ ಹೊರತು ಗಟಾರಕ್ಕೆ ಸುರಿಯಕೂಡದು.

೭

ಇಷ್ಟೆಲ್ಲ ಕ್ರಮವಾಗಿ ಮಾಡಿದ ಮೇಲೂ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಮೊದಲು ಹೇಳಿದ ಮೂರನೆಯ ಕಾರಣವನ್ನು ಶಂಕಿಸಬೇಕು. ಗಾಳಿ ಬಿಡಿಸಿದ ಒಂದೆರಡು ದಿನದಲ್ಲಿ ಮತ್ತೆ ಸೇರಿಕೊಳ್ಳುವುದು, ಸೋರಿಕೆ ಕಾಣದಿದ್ದರೂ ಕೂಲಂಟ್ ಕಡಿಮೆಯಾಗುವುದು, ಹೊಗೆ ಬೆಳ್ಳಗೆ ದಟ್ಟವಾಗಿ ಸಿಹಿವಾಸನೆಯಿಂದ ಕೂಡಿರುವುದು, ಇಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗುವುದು ಇವು ಗ್ಯಾಸ್ಕೆಟ್ ಕೆಟ್ಟಿರುವುದರ ಕುರುಹುಗಳು. ಆಗ ಗಾಳಿ ಬಿಡಿಸುತ್ತಾ ಕೂರುವುದು ವ್ಯರ್ಥ. ಇಂಜಿನ್ ಬಿಚ್ಚಬಲ್ಲವರಲ್ಲಿಗೆ ಒಯ್ಯಬೇಕು. ನನ್ನ ಕಾರಿನ ಪಾಲಿಗೆ ಆ ಹಂತ ಬರಲಿಲ್ಲ. ಬೇಲಾಪುರದ ಮತ್ತೊಬ್ಬ ಮೇಸ್ತ್ರಿ ಏರಿನ ಬೀದಿಯಲ್ಲಿ ಎರಡು ತಾಸು ಕುಳಿತು ಗಾಳಿ ಬಿಡಿಸಿದರು. ಮೇ ತಿಂಗಳ ಮಧ್ಯಾಹ್ನ ಹೀಟರ್ ಹಾಕಿದ ಕಾರಿನೊಳಗೆ ಕುಳಿತು ಆಕ್ಸಿಲರೇಟರ್ ಒತ್ತುವ ಕೆಲಸ ನನ್ನದಾಗಿತ್ತು.

೮

ಈ ಲೇಖನವನ್ನು ಬರೆಯುವಾಗ ಭಾಷೆಗೆ ಸಂಬಂಧಿಸಿದ ಒಂದು ಸಂಗತಿ ನನ್ನ ಗಮನಕ್ಕೆ ಬಂದಿತು. ವಾಹನಗಳೊಡನೆ ಬರುವ ಕೈಪಿಡಿಗಳನ್ನು ಕನ್ನಡಕ್ಕೆ ತರುವವರು ಮೂಲದ ವಾಕ್ಯಕ್ರಮವನ್ನೇ ಹಿಡಿದು ‘ಮುಚ್ಚಳವನ್ನು ತೆಗೆಯಿರಿ, ಆದರೆ ಇಂಜಿನ್ ತಣಿದ ನಂತರ ಮಾತ್ರ’ ಎಂಬ ಬಗೆಯಲ್ಲಿ ಬರೆಯುವ ಸಂಭವವುಂಟು. ಇಲ್ಲಿ ಕ್ರಿಯೆ ಮೊದಲು, ನಿಬಂಧನೆ ಅನಂತರ. ಓದುತ್ತಾ ಓದುತ್ತಾ ಮಾಡುವವನ ಕೈ ವಾಕ್ಯದ ಅರ್ಧದಲ್ಲಿಯೇ ಮುಚ್ಚಳವನ್ನು ತಲುಪಿರುತ್ತದೆ. ‘ಇಂಜಿನ್ ತಣಿದ ಮೇಲೆ ಮುಚ್ಚಳ ತೆಗೆಯಬೇಕು’ ಎಂಬುದು ಕನ್ನಡದ ಸಹಜ ಕ್ರಮ. ‘ತಣಿದ ಮೇಲೆ’, ‘ನಿಲ್ಲುವವರೆಗೆ’, ‘ಹೊಯ್ಯುತ್ತಾ’, ‘ಬಿಗಿದು’ ಎಂಬ ಕೃದಂತಗಳು ನಡೆಯಬೇಕಾದ ಕೆಲಸಗಳನ್ನು ನಡೆಯಬೇಕಾದ ಅನುಕ್ರಮದಲ್ಲಿಯೇ ಜೋಡಿಸುತ್ತವೆ; ಕೊನೆಯ ಕ್ರಿಯಾಪದ ಬರುವ ಹೊತ್ತಿಗೆ ಅದಕ್ಕೆ ಬೇಕಾದ ನಿಬಂಧನೆಗಳೆಲ್ಲ ಮುಗಿದಿರುತ್ತವೆ. ವ್ಯಾಕರಣದ ತರಗತಿಯಲ್ಲಿ ನಾವು ಉದಾಹರಣೆಗಳೊಡನೆ ಪಾಠ ಹೇಳುವ ಈ ರಚನೆ ಕುದಿಯುವ ರೇಡಿಯೇಟರಿನ ಮುಂದೆ ಒಬ್ಬನ ಮುಖವನ್ನು ಉಳಿಸಬಲ್ಲುದು.

ಕನ್ನಡದಲ್ಲಿ ತಾಂತ್ರಿಕ ಬರಹ ಸಾಧ್ಯವೇ ಎಂಬ ಚರ್ಚೆ ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಸುತ್ತಲೇ ನಡೆದಿದೆ. ಪದಗಳ ಕೊರತೆ ನಿಜವಾದ ತೊಡಕಲ್ಲವೆಂದು ನನಗನ್ನಿಸುತ್ತದೆ. ಅವು ಗ್ಯಾರೇಜಿನಲ್ಲಿ ತಾವಾಗಿಯೇ ಬಂದು ಸೇರಿವೆ. ಕೆಲಸದ ಅನುಕ್ರಮವನ್ನು ತಿಳಿದು, ಅದನ್ನು ಕನ್ನಡದ ವಾಕ್ಯಕ್ಕೆ ಒಪ್ಪಿಸುವ ಅಭ್ಯಾಸ ನಮಗೆ ತಪ್ಪಿಹೋಗಿದೆ. ವಿಭಾಗದ ವಿದ್ಯಾರ್ಥಿಗಳು ತಮಗೆ ಗೊತ್ತಿರುವ ಒಂದು ಕೈಕೆಲಸವನ್ನು ಬರೆದು, ಅದನ್ನು ಎಂದೂ ಮಾಡದವರ ಕೈಗೆ ಕೊಟ್ಟು, ಅವರು ಎಲ್ಲಿ ತಡವರಿಸುತ್ತಾರೆಂದು ನೋಡಿದರೆ ಅದೊಂದು ಒಳ್ಳೆಯ ಅಭ್ಯಾಸವಾದೀತು. ತಡವರಿಸಿದ ಜಾಗದಲ್ಲಿ ವಾಕ್ಯವೂ ತಡವರಿಸಿರುತ್ತದೆ.

ಆ ಲಾರಿ ಚಾಲಕರ ಹೆಸರನ್ನು ನಾನು ಕೇಳಲಿಲ್ಲ. ಅವರ ಮಾತನ್ನು ಮಾತ್ರ ಹಲವು ಬಾರಿ ಮೆಲುಕು ಹಾಕಿದ್ದೇನೆ. ಮೊದಲು ಯಾರಿಗೆ ಎಂಬ ಕರೆ, ಆಮೇಲೆ ವಸ್ತು, ಆಮೇಲೆ ನಿಷೇಧ, ಕೈ ಹಿಂದೆ ಬಂದ ಮೇಲೆ ಕಾರಣ. ಶಾಸ್ತ್ರದ ವಾಕ್ಯ ಹೇಗಿರಬೇಕೆಂದು ಕೇಳುವ ವಿದ್ಯಾರ್ಥಿಗಳಿಗೆ ಈಗ ನಾನು ಮೊದಲು ಹೇಳುವ ಉದಾಹರಣೆ ಅದೇ.